ಎಂಟು ನಿಮಿಷದ ರೋಗಿ

೧೯೬೭ರಲ್ಲಿ, ಏಳನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಕುಂದಾಪುರದಲ್ಲಿ ಒಂದು ನಾಟಕ ಕಂಪನಿ ಎರಡು ತಿಂಗಳು ಡೇರೆ ಹಾಕಿತ್ತು. ಅದು ಊರು ಬಿಟ್ಟ ದಿನ ಪರದೆಗಳ ಸುರುಳಿಯ ಮೇಲೆ ಕುಳಿತು ಲಾರಿಯಲ್ಲಿ ನಾನೂ ಹೊರಟೆ. ಅಂದಿನಿಂದ ಎರಡು ವರ್ಷದ ಹಿಂದಿನವರೆಗೆ ನಾನು ಉಂಡ ಅನ್ನದ ಬಹುಪಾಲು ಇನ್ನೊಬ್ಬರಾಗಿ ನಿಂತು ದುಡಿದದ್ದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾವು ಮೊದಲು ಇದ್ದ ಸಿಡ್ನಿಯ ಟೂಂಗಾಬಿಯಲ್ಲಿ ಕನ್ನಡದ ಹುಡುಗ ಹುಡುಗಿಯರು ಸೇರಿ ನಾಟಕ ಆಡುತ್ತಾರೆ. ಕೆಲವರಿಗೆ ಸಿನಿಮಾ, ಟಿವಿಯಲ್ಲಿ ಸಣ್ಣ ಪಾತ್ರ ಮಾಡುವ ಆಸೆ. ಇನ್ನು ಕೆಲವರು ನಾನು ಮೆಲ್ಬರ್ನಿನಲ್ಲಿ ಕೊನೆಗೆ ಮಾಡುತ್ತಿದ್ದ ಕೆಲಸದ ಬಗ್ಗೆ ಕೇಳುತ್ತಾರೆ. ಅಂದರೆ ಡಾಕ್ಟರುಗಳ ಪರೀಕ್ಷೆಯಲ್ಲಿ ರೋಗಿಯಾಗಿ ನಟಿಸುವುದು. "ಅಂಕಲ್, ಸುಮ್ನೆ ಮಲಗೋದೇ ತಾನೇ? ಈಸಿ ಅಲ್ವಾ?" ಎನ್ನುತ್ತಾರೆ. ಸೇರುವುದು ಹೇಗೆಂದು ಫೋನಿನಲ್ಲೇ ಸಿಗುತ್ತದೆ. ನಾನು ಹೇಳಬೇಕಾದದ್ದು ಬೇರೆ. ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಲೇ ನಾನು ಒಬ್ಬ ಡಾಕ್ಟರ್ ಹೆಂಗಸಿನ ಪರೀಕ್ಷೆ ಕೆಡಿಸಿದೆ. ಅದನ್ನು ಸರಿಪಡಿಸಲು ಇನ್ನೂ ಹೆಣಗುತ್ತಿದ್ದೇನೆ. ಆ ಕಥೆಗೆ ಬರುವ ಮೊದಲು ನಾನು ಎಂಥ ಕೆಲಸಗಾರ ಎಂಬುದು ನಿಮಗೆ ಗೊತ್ತಿರಬೇಕು.

ಕಂಪನಿಯ ಮಾಲೀಕರು ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ತಾಲೀಮಿನಲ್ಲಿ ಪ್ರಾಂಪ್ಟರ್ ಮೇಷ್ಟ್ರ ಪುಸ್ತಕದ ಮೇಲೆ ಕೈಯಿಟ್ಟು, "ಮಾತು ನಿಂದಲ್ಲ, ಇದರದ್ದು. ಇದರಲ್ಲಿ ಇಲ್ಲದ್ದು ನಿನ್ನ ಬಾಯಲ್ಲಿ ಬಂದ್ರೆ ನಾಳೆಯಿಂದ ಪರದೆ ಎಳಿ" ಎನ್ನುತ್ತಿದ್ದರು. ನನ್ನ ಮನೆಮಾತು ಕೊಂಕಣಿ. ಗ್ರಂಥದಂಥ ಕನ್ನಡ ಕಲಿತದ್ದೇ ಆ ಪುಸ್ತಕದಿಂದ. ಒಮ್ಮೆ ಯುದ್ಧದ ದೃಶ್ಯದಲ್ಲಿ ನಾನು ಹೆಣವಾಗಿ ಬಿದ್ದಿದ್ದೆ. ಮೇಲೆ ತೂಗಿದ್ದ ಪೆಟ್ರೋಮ್ಯಾಕ್ಸಿನ ಗಾಜು ಒಡೆದು ಮೊಣಕಾಲಿನ ಕೆಳಗೆ ಬಿತ್ತು. ಚರ್ಮ ಸುಟ್ಟ ವಾಸನೆ ನನಗೇ ಬಂತು. ರಾಣಿಯ ಪಾತ್ರದವರು ಪೂರ್ತಿ ಒಂದು ಹಾಡು ಹಾಡಿ ಮುಗಿಸುವವರೆಗೆ ನಾನು ಅಲುಗಲಿಲ್ಲ. ಮರುವಾರ ಮಾಲೀಕರು ನನಗೆ ಮಾತಿರುವ ಪಾತ್ರ ಕೊಟ್ಟರು. ಆ ಗಾಯದ ಗುರುತನ್ನು ಐವತ್ತು ವರ್ಷ ಜನರಿಗೆ ತೋರಿಸಿ ಹೆಮ್ಮೆಪಟ್ಟಿದ್ದೇನೆ.

ಮದ್ರಾಸಿನಲ್ಲಿ ಮೂರು ಕಪ್ಪು ಬಿಳುಪು ಚಿತ್ರಗಳಲ್ಲೂ ನಿಂತೆ. ಎರಡರಲ್ಲಿ ಗುಂಪಿನಲ್ಲಿ ಒಬ್ಬ, ಒಂದರಲ್ಲಿ "ಬಂದೆ ಬುದ್ಧಿ" ಎಂಬ ಮಾತು. ಆಮೇಲೆ ಅದೇ ಸಿನಿಮಾ ನಮ್ಮ ಡೇರೆಯ ಜನರನ್ನೆಲ್ಲ ಎಳೆದುಕೊಂಡಿತು, ಕಂಪನಿ ಮುಚ್ಚಿತು. ಮುಂಬಯಿಯಲ್ಲಿ ಕ್ಯಾಂಟೀನು ನೋಡಿಕೊಂಡು ಭಾನುವಾರ ಕೊಂಕಣಿ ನಾಟಕ ಆಡಿದೆ. ಮದುವೆಯಾದೆ. ಹೆಂಡತಿ ಜೆಸಿಂತಾ ನರ್ಸು. ನಮಗೆ ಮಕ್ಕಳಿಲ್ಲ. ಅವಳು ಮೊದಲು ಸಿಡ್ನಿಗೆ ಬಂದು ಪಿಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಮಾಡಿಕೊಂಡು, ೨೦೧೦ರಲ್ಲಿ ನನ್ನನ್ನು ಕರೆಸಿಕೊಂಡಳು. ಆಗ ನನಗೆ ಐವತ್ತೈದು.

ಟೂಂಗಾಬಿಯ ಬಾಡಿಗೆ ಮನೆಯಲ್ಲಿ ಸುಮ್ಮನೆ ಕುಳಿತಿರಲು ನನ್ನಿಂದಾಗಲಿಲ್ಲ. ಸಿನಿಮಾ, ಟಿವಿಗೆ ಎಕ್ಸ್‌ಟ್ರಾಗಳನ್ನು ಒದಗಿಸುವ ಏಜೆಂಟ್ ಒಬ್ಬಳು ನನ್ನ ಫೋಟೋ ತೆಗೆದು ಹೆಸರು ಬರೆದುಕೊಂಡಳು. ಮೊದಲ ಕೆಲಸ ಬಸ್ಸಿನಲ್ಲಿ ಕುಳಿತ ಪ್ರಯಾಣಿಕ. ನಾಯಕಿ ಮುಂದಿನ ಸೀಟಿನಲ್ಲಿ ಅಳುತ್ತಾಳೆ. ನಾನು ಹಿಂದಿನ ಸೀಟಿನಲ್ಲಿ ಕರುಳು ಕಿವುಚಿದ ಹಾಗೆ ಅವಳನ್ನು ನೋಡಿ, ಕಣ್ಣು ಒರೆಸಿಕೊಂಡು, ಕಿಟಕಿಗೆ ತಲೆ ಆನಿಸಿದೆ. ಕಂಪನಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಸಹಾಯಕ ನಿರ್ದೇಶಕ ಬಂದು, "ಮೇಟ್, ಯಾರು ಸತ್ತದ್ದು? ನೀನು ಆಫೀಸಿಗೆ ಹೋಗ್ತಿದ್ದೀಯ, ಅಷ್ಟೇ" ಎಂದು ನನ್ನನ್ನು ಕೊನೆಯ ಸೀಟಿಗೆ ಕಳಿಸಿದ. ಆ ದಿನ ಕಲಿತೆ: ಈ ದೇಶದಲ್ಲಿ ನಟನೆ ಕಾಣಿಸಬಾರದು. ಆಮೇಲೆ ನಾನು ಟ್ಯಾಕ್ಸಿಯವನಾದೆ, ಅಂಗಡಿಯವನಾದೆ, ಕೋರ್ಟಿನ ಹಿಂದಿನ ಬೆಂಚಿನವನಾದೆ, ನಾಲ್ಕು ಸಲ ಹೆಣವಾದೆ. ಹೆಣಕ್ಕೆ ನನ್ನನ್ನು ಹೆಸರು ಹೇಳಿ ಕರೆಸುತ್ತಿದ್ದರು. ಉಸಿರಾಡಿದರೂ ಹೊಟ್ಟೆ ಆಡುವುದಿಲ್ಲ ಎಂದು ಹೊಗಳುತ್ತಿದ್ದರು.

ಇಂಗ್ಲಿಷ್ ನನಗೆ ಬರುತ್ತಿದ್ದುದು ಕ್ಯಾಂಟೀನಿನಷ್ಟು. ಮಾತಿರುವ ಪಾತ್ರ ಬಂದರೆ ಜೆಸಿಂತಾ ಓದುತ್ತಿದ್ದಳು, ನಾನು ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಎಲ್ಲಿ ಉಸಿರು, ಎಲ್ಲಿ ತಡೆ ಎಂದು ಗೆರೆ ಹಾಕಿ ಬಾಯಿಪಾಠ ಮಾಡುತ್ತಿದ್ದೆ. ೨೦೧೪ರಲ್ಲಿ ಅವಳಿಗೆ ಕ್ಲೇಟನ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಮೆಲ್ಬರ್ನಿಗೆ ಬಂದೆವು. ಅಲ್ಲಿ ಒಂದು ಇಂಗ್ಲಿಷ್ ನಾಟಕದಲ್ಲಿ ಅಜ್ಜನಾಗಿ ಹನ್ನೊಂದು ಮಾತು ಹೇಳಿದೆ. ಒಂದು ಅಕ್ಷರ ತಪ್ಪಲಿಲ್ಲ. ಆದರೆ ಎದುರಿನವನು ಒಂದು ದಿನ ತನ್ನ ಮಾತು ಮರೆತು ಬೇರೇನೋ ಹೇಳಿದಾಗ ನನಗೆ ದಾರಿಯೇ ತೋಚಲಿಲ್ಲ. ಅದೇ ನನ್ನ ಶಕ್ತಿ, ಅದೇ ನನ್ನ ಕೊರತೆ. ಪುಸ್ತಕ ಇದ್ದರೆ ನಾನು ಯಾರಿಗೂ ಕಡಿಮೆಯಿಲ್ಲ. ಪುಸ್ತಕ ಮುಗಿದರೆ ಮೂಕ.

ಆ ನಾಟಕ ನೋಡಿದ ಹೆಲೆನ್ ಎಂಬಾಕೆ ನನ್ನನ್ನು ರೋಗಿಯ ಕೆಲಸಕ್ಕೆ ಕರೆದಳು. ಡಾಕ್ಟರುಗಳ ಪರೀಕ್ಷೆಗೆ ನಟರನ್ನು ತರಬೇತಿ ಮಾಡಿ ಕಳಿಸುವುದು ಅವಳ ಕೆಲಸ. ಎತ್ತರದ, ಒಣಕಲು ಹೆಂಗಸು, ಕೈಯಲ್ಲಿ ಸದಾ ಸ್ಟಾಪ್‌ವಾಚ್. ಮೊದಲೆಲ್ಲ ಕಾಗದದ ಹಾಳೆ ಕೊಡುತ್ತಿದ್ದಳು, ಆಮೇಲೆ ಟ್ಯಾಬ್ಲೆಟ್ ಬಂತು, ಆಮೇಲೆ ಕೋಣೆಯ ಮೂಲೆಗೆ ಕ್ಯಾಮರಾ ಬಂತು. ಅವಳ ನಿಯಮ ಮಾತ್ರ ಬದಲಾಗಲಿಲ್ಲ: "ಗ್ರೆಗ್, ಬೆಳಿಗ್ಗೆ ಮೊದಲನೇ ಕ್ಯಾಂಡಿಡೇಟ್‌ಗೆ ಸಿಕ್ಕ ರೋಗಿಯೇ ಸಂಜೆ ಕೊನೆಯವನಿಗೂ ಸಿಗಬೇಕು." ನನಗೆ ಅವಳಲ್ಲಿ ನಮ್ಮ ಮಾಲೀಕರೇ ಕಂಡರು. ಅಂಥವರ ಕೈಕೆಳಗೆ ನಾನು ಮನಸಾರೆ ದುಡಿಯುತ್ತೇನೆ.

ಹೊಸಬರಿಗೆ ಇದು ಸುಲಭವೆನಿಸುತ್ತದೆ. ಒಂದು ದಿನ ನನ್ನ ಪಾತ್ರ, ಕ್ಯಾನ್ಸರ್ ಇದೆಯೆಂದು ಆಗಷ್ಟೇ ತಿಳಿಯುವ ಮನುಷ್ಯ. ಹದಿನೆಂಟು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಬಂದು ನನಗೆ ಕ್ಯಾನ್ಸರ್ ಎಂದು ಹೇಳಿದರು. ಮೂರನೇ ನಿಮಿಷಕ್ಕೆ ನಾನು ಅಳಬೇಕು. ಹದಿನೆಂಟು ಸಲ ಮೂರನೇ ನಿಮಿಷಕ್ಕೆ ಅತ್ತೆ. ಒಬ್ಬ ಹುಡುಗ ಹೇಳಲಾರದೆ ತಾನೇ ಅತ್ತುಬಿಟ್ಟ. ಆಮೇಲೆ ಗೊತ್ತಾಯಿತು, ಅವನ ತಂದೆ ಅದೇ ತಿಂಗಳು ತೀರಿಕೊಂಡಿದ್ದರಂತೆ. ಅವನ ಎದುರಿಗೂ ನಾನು ನನ್ನ ಹಾಳೆಯಲ್ಲಿದ್ದ ಮಾತನ್ನೇ ಹೇಳಿದೆ: "ನನಗೆ ಎಷ್ಟು ಸಮಯ ಇದೆ, ಡಾಕ್ಟರ್?" ಆ ರೋಗಿಗೆ ಹುಡುಗನ ತಂದೆಯ ವಿಷಯ ಗೊತ್ತಿಲ್ಲವಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತರೆ ಜೆಸಿಂತಾ, "ಎಂಥ ಮನುಷ್ಯ ಮಾರಾಯ್ರೆ ನೀವು? ಇಡೀ ದಿನ ಕ್ಯಾನ್ಸರ್ ಅಂತ ಹೇಳಿಸಿಕೊಂಡು ಬಂದು ಮೀನು ಸಾರಿಗೆ ಉಪ್ಪು ಕಮ್ಮಿ ಅಂತೀರಿ" ಎಂದಳು.

"ಕ್ಯಾನ್ಸರ್ ಅವನಿಗೆ. ಉಪ್ಪು ಕಮ್ಮಿ ಆದದ್ದು ನನಗೆ" ಎಂದೆ.

ಆ ದಿನಗಳಲ್ಲೇ ಕ್ಲೇಟನ್ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನನಗೆ ನಡುವೆ ಒಂದು ಕಡೆ ನಿಲ್ಲಬೇಕಾಗುತ್ತಿತ್ತು. ಎದೆ ಬಿಗಿಯುತ್ತಿತ್ತು, ಒಂದೆರಡು ಸಲ ಕಣ್ಣು ಕತ್ತಲೆ ಬಂದಿತ್ತು. ಅರವತ್ತು ದಾಟಿದವನಿಗೆ ಇಷ್ಟು ಸಹಜ ಎಂದುಕೊಂಡೆ. ಜೆಸಿಂತಾಳ ಜೊತೆ ನಡೆಯುವಾಗ ಅಂಗಡಿಯ ಕಿಟಕಿ ನೋಡುವವನ ಹಾಗೆ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ರೋಗಿಗಳನ್ನು ನೋಡಿದ ನರ್ಸಿಗೂ ತಿಳಿಯಲಿಲ್ಲ. ಹೆಲೆನ್ ವರ್ಷಕ್ಕೊಮ್ಮೆ ಒಂದು ಫಾರಂ ತುಂಬಿಸುತ್ತಿದ್ದಳು. ನಿಮಗೆ ನಿಜವಾಗಿ ಯಾವುದಾದರೂ ಕಾಯಿಲೆ ಇದೆಯೇ ಎಂದು ಅದರಲ್ಲಿ ಕೇಳಿರುತ್ತಾರೆ. ಇದ್ದರೆ ಎದೆ, ಹೊಟ್ಟೆ ಮುಟ್ಟಿ ನೋಡುವ ಪಾತ್ರಗಳು ಸಿಗುವುದಿಲ್ಲ. ನಾನು ಪ್ರತಿ ವರ್ಷ "ಇಲ್ಲ" ಎಂದು ಬರೆದೆ.

೨೦೧೬ರ ಆ ಪರೀಕ್ಷೆ ಹೊರದೇಶಗಳಲ್ಲಿ ಓದಿ ಬಂದ ಡಾಕ್ಟರುಗಳದ್ದು. ಅದನ್ನು ಪಾಸು ಮಾಡದೆ ಅವರು ಇಲ್ಲಿ ಡಾಕ್ಟರಾಗಿ ಕೆಲಸ ಮಾಡುವಂತಿಲ್ಲ. ಎಷ್ಟೋ ಜನ ಸೂಪರ್‌ಮಾರ್ಕೆಟ್ಟಿನಲ್ಲಿ, ಶಿಶುವಿಹಾರದಲ್ಲಿ ದುಡಿಯುತ್ತ ವರ್ಷಗಟ್ಟಲೆ ಓದಿ ಬಂದಿರುತ್ತಾರೆ. ಬಾಗಿಲ ಹೊರಗೆ ನಿಂತು ಗೋಡೆಯ ಮೇಲಿನ ರೋಗಿಯ ವಿವರವನ್ನು ಮತ್ತೆ ಮತ್ತೆ ಓದುವುದು ಗಾಜಿನಲ್ಲಿ ಕಾಣುತ್ತದೆ. ಗಂಟೆ ಹೊಡೆದರೆ ಒಳಗೆ ಬರುತ್ತಾರೆ, ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಮುಂದಿನ ಕೋಣೆ. ಮೂಲೆಯಲ್ಲಿ ಪರೀಕ್ಷಕ ಡಾಕ್ಟರ್ ಹಾಳೆ ಹಿಡಿದು ಕುಳಿತಿರುತ್ತಾರೆ.

ನನ್ನ ಪಾತ್ರ ಅಂಗಡಿಯ ಮಾಲೀಕ. ಬಿಪಿ ಮಾತ್ರೆ ಹೊಸದಾಗಿ ಹೆಚ್ಚಿಸಿದ್ದಾರೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಡಾಕ್ಟರ್ ಪ್ರಶ್ನೆ ಕೇಳಿ, ಎದೆ ಪರೀಕ್ಷಿಸಿ, ಹೃದಯ ಸರಿಯಾಗಿದೆ ಎಂದು ಕಂಡು, ಮಾತ್ರೆ ಕಡಿಮೆ ಮಾಡಿಸಬೇಕು. ನಾನು ಪರೀಕ್ಷೆ ಕೆಡಿಸಿದ ಆ ಹೆಂಗಸಿಗಿಂತ ಮೊದಲು ಹನ್ನೊಂದು ಜನ ಬಂದರು. ಹನ್ನೊಂದು ಜನರೂ ನನ್ನ ಎದೆಯ ನಾಲ್ಕು ಕಡೆ ಸ್ಟೆತಸ್ಕೋಪ್ ಇಟ್ಟು ತೆಗೆದು, "ಹೃದಯದ ಸದ್ದು ನಾರ್ಮಲ್" ಎಂದು ಪರೀಕ್ಷಕರಿಗೆ ಹೇಳಿದರು. ನಟರನ್ನು ಮಲಗಿಸಿದ್ದಾರೆ, ನಟರ ಹೃದಯ ಸರಿಯೇ ಇರುತ್ತದೆ ಎಂದು ಅವರಿಗೆಲ್ಲ ಗೊತ್ತು.

ಹನ್ನೆರಡನೆಯವಳಿಗೆ ಮೂವತ್ತೈದರ ಆಸುಪಾಸು. ಅಗಲ ಮುಖ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಎದೆಗೆ ಹೆಸರಿಲ್ಲ, ನಂಬರ್ ಮಾತ್ರ. ಪ್ರಶ್ನೆಗಳನ್ನು ಚೆನ್ನಾಗಿ ಕೇಳಿದಳು. ಸ್ಟೆತಸ್ಕೋಪ್ ಇಟ್ಟಳು. ತೆಗೆಯಲಿಲ್ಲ. ಇನ್ನೊಂದು ಕಡೆ ಇಟ್ಟಳು, ಕಣ್ಣು ಮುಚ್ಚಿದಳು. ಕುತ್ತಿಗೆಯ ಪಕ್ಕ ಇಟ್ಟಳು. ಉಸಿರು ಹಿಡಿಯಿರಿ ಎಂದಳು, ಮುಂದಕ್ಕೆ ಬಾಗಿ ಕೂರಿ ಎಂದಳು. ಹಾಗೆ ಎದ್ದು ಕೂರುವಾಗ ನನ್ನ ಬಾಯಿಂದ "ಅಯ್ಯೋ ದೇವರೇ" ಎಂದು ಬಂತು. ಅದು ಹಾಳೆಯಲ್ಲಿ ಇರಲಿಲ್ಲ. ಐವತ್ತು ವರ್ಷದಲ್ಲಿ ಪಾತ್ರದೊಳಗೆ ನನ್ನ ಬಾಯಿ ಜಾರಿದ್ದು ಅದೇ ಮೊದಲು, ಮೈಯೆಲ್ಲ ಉರಿಯಿತು.

ಅವಳು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ, "ಹೃದಯದಲ್ಲಿ ಮರ್ಮರ್ ಕೇಳಿಸುತ್ತಿದೆ, ಕುತ್ತಿಗೆಯವರೆಗೆ ಬರುತ್ತಿದೆ" ಎಂದಳು. ಮರ್ಮರ್ ಎಂದರೆ ಕವಾಟದಲ್ಲಿ ರಕ್ತ ನುಗ್ಗುವ ಅಸಹಜ ಸದ್ದು. ಪರೀಕ್ಷಕರು ಹಾಳೆ ನೋಡಿ, "ಹೃದಯದ ಸದ್ದು ನಾರ್ಮಲ್ ಎಂದು ತಿಳಿಯಿರಿ, ಮುಂದುವರಿಸಿ" ಎಂದರು. ಅವಳು ಮುಂದುವರಿಯಲಿಲ್ಲ. ನನ್ನ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಕೇಳಿದಳು: "ಅಂಕಲ್, ನೀವು ಕನ್ನಡದೋರ ಹೌದಲ್ರಿ? ಇದು ಪರೀಕ್ಷಾ ಮಾತಲ್ಲ, ಖರೇನ ಹೇಳ್ತೀನಿ. ನಿಮ್ಮ ಹಾರ್ಟ್ ಯಾರಿಗರ ತೋರಿಸೀರೇನು?"

ದಾವಣಗೆರೆ ಕಡೆಯ ಮಾತು. ಡೇರೆ ಹಾಕಿದಾಗ ಆ ಊರಲ್ಲಿ ಎರಡು ಮಳೆಗಾಲ ಕಳೆದಿದ್ದೆ. ಅವಳ ಮುಖದಲ್ಲಿ ಪರೀಕ್ಷೆಯ ಭಯ ಹೋಗಿತ್ತು, ನನಗಾಗಿ ಭಯ ಇತ್ತು. ನಾನು ಅವಳ ಕಣ್ಣಿಗೆ ಕಣ್ಣಿಟ್ಟು ಇಂಗ್ಲಿಷಿನಲ್ಲಿ, "ಸಾರಿ ಡಾಕ್ಟರ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್" ಎಂದೆ.

ಅವಳು ಹಿಂದೆ ಸರಿದಳು. ಉಳಿದ ಎರಡು ನಿಮಿಷದಲ್ಲಿ ಏನೇನೋ ತೊದಲಿದಳು. ಮಾತ್ರೆಯ ವಿಷಯ ಬರುವ ಮೊದಲೇ ಗಂಟೆ ಹೊಡೆಯಿತು. ಅವಳು ಹೋದ ಮೇಲೆ ಪರೀಕ್ಷಕರು ಪೆನ್ನು ತಡೆದು ನನ್ನನ್ನು ಕೇಳಿದರು, "ನಿಮಗೆ ಹೃದಯದ ತೊಂದರೆ ಏನಾದರೂ ಇದೆಯೇ?"

"ನೋ ಸರ್. ನೆವರ್" ಎಂದೆ.

ಅಷ್ಟು ಹೇಳಲು ನನಗೆ ಹಾಳೆ ಬೇಕಾಗಲಿಲ್ಲ. ಈ ಕೆಲಸದಲ್ಲಿ ರೋಗಿಗೂ ಒಂದು ಸಣ್ಣ ಚೀಟಿ ಕೊಡುತ್ತಾರೆ: ಈ ಡಾಕ್ಟರ ಬಳಿ ಮತ್ತೆ ಹೋಗುತ್ತೀರಾ? ಒಂದರಿಂದ ಐದರವರೆಗೆ ಅಂಕ. ನಾನು ಒಂದು ಎಂದು ಬರೆದೆ. ಅವಳು ನನ್ನನ್ನು ಪಾತ್ರದಿಂದ ಹೊರಗೆ ಎಳೆದಳು ಎಂಬ ಸಿಟ್ಟು. ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅವಳು ಹೇಳಿದ್ದು ನಿಜವಾದರೆ ನನ್ನ ಕೆಲಸ ಹೋಗುತ್ತದೆ.

ಮರುವರ್ಷ ಕ್ಲೇಟನ್ನಿನ ಬಸ್ ನಿಲ್ದಾಣದಲ್ಲಿ ಬಿದ್ದೆ. ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ಹೃದಯದ ಡಾಕ್ಟರ್ ಜೆಸಿಂತಾಳಿಗೆ ಹೇಳಿದ್ದು ನನಗೂ ಕೇಳಿಸಿತು: "ಈ ಕವಾಟ ಕಲ್ಲಿನಂತಾಗಿದೆ. ಇದು ನಿನ್ನೆ ಮೊನ್ನೆಯದಲ್ಲ. ಕಿವಿಗೊಟ್ಟು ಕೇಳಿದ ಯಾವ ಡಾಕ್ಟರಿಗೂ ಕೇಳಿಸಬೇಕಿತ್ತು. ಯಾರೂ ಹೇಳಿರಲಿಲ್ಲವೇ?"

ಜೆಸಿಂತಾ ನನ್ನ ಮುಖ ನೋಡಿದಳು. ನಾನು ಮೊದಲ ಬಾರಿ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈಯ ಡ್ರಿಪ್ಪಿನ ಪಟ್ಟಿ ಸರಿಮಾಡಿದಳು. ಆಮೇಲೆ, "ಎಷ್ಟು ಜನ ನರ್ಸುಗಳು ಆ ಪರೀಕ್ಷೆಗೆ ಕೂತ ಗಂಡಂದಿರಿಗೆ, ಹೆಂಡತಿಯರಿಗೆ ಅಂತ ಡಬಲ್ ಶಿಫ್ಟ್ ಮಾಡ್ತಾರೆ ಗೊತ್ತುಂಟಾ ನಿಮಗೆ? ನಿಮಗೆ ನಿಮ್ಮ ವೇಷವೇ ದೊಡ್ಡದಾಯ್ತು" ಎಂದಳು. ಆಪರೇಷನ್ ಆಗಿ ಮನೆಗೆ ಬಂದ ಮೇಲೂ ಒಂದು ತಿಂಗಳು ನನ್ನೊಂದಿಗೆ ಮಾತ್ರೆಯ ಹೊತ್ತು ಬಿಟ್ಟು ಬೇರೆ ಮಾತಾಡಲಿಲ್ಲ.

ಹೆಲೆನ್ ಹೂವು ಹಿಡಿದು ಬಂದಳು. ನಾನು ಹೇಳುತ್ತಾ ಹೋದ ಹಾಗೆ ಹೂವನ್ನು ಮೇಜಿನ ಮೇಲಿಟ್ಟಳು.

"ಫಾರಂನಲ್ಲಿ ಇಲ್ಲ ಅಂತ ಬರೆದಿದ್ದೀಯ, ಗ್ರೆಗ್."

"ಹೌದು."

"ಉಸಿರು ಕಟ್ಟುತ್ತಿತ್ತು?"

"ಹೌದು."

"ನಾನು ಹೇಳಿದ್ದು ಎಲ್ಲರಿಗೂ ಒಂದೇ ರೋಗಿ ಸಿಗಬೇಕು ಅಂತ. ಸುಳ್ಳು ಹೇಳು ಅಂತ ಅಲ್ಲ." ಅವಳು ಕೂಗಾಡಲಿಲ್ಲ. ನನ್ನನ್ನು ಮತ್ತೆ ಕರೆಯಲೂ ಇಲ್ಲ. ನಾನು ನಿವೃತ್ತನಾದದ್ದು ಹೀಗೆ.

ಪರೀಕ್ಷೆ ನಡೆಸುವ ಸಂಸ್ಥೆಗೆ ಪತ್ರ ಬರೆದೆ. ಜೆಸಿಂತಾ ಇಂಗ್ಲಿಷ್ ಮಾಡಿಕೊಟ್ಟಳು. ಆ ದಿನ ಹನ್ನೆರಡನೆಯವಳು ಹೇಳಿದ್ದು ಸರಿ, ತಪ್ಪು ನನ್ನದು, ಆಸ್ಪತ್ರೆಯ ಕಾಗದ ಜೊತೆಗಿದೆ ಎಂದು. ಫಲಿತಾಂಶವನ್ನು ಮತ್ತೆ ತೆರೆಯುವ ಅವಧಿ ಮುಗಿದಿದೆ, ಅಭ್ಯರ್ಥಿಯ ವಿವರ ಕೊಡಲಾಗುವುದಿಲ್ಲ ಎಂದು ಉತ್ತರ ಬಂತು. ಅವಳು ಪಾಸೋ ಫೇಲೋ ಎಂಬುದೂ ನನಗೆ ಗೊತ್ತಿರಲಿಲ್ಲ. ಹುಡುಕಿದ್ದು ಜೆಸಿಂತಾ. ದಾವಣಗೆರೆಯ ಡಾಕ್ಟರ್, ಪರೀಕ್ಷೆಗೆ ಕೂತವಳು, ಅಗಲ ಮುಖ ಎಂದು ನರ್ಸುಗಳ ವಾಟ್ಸಾಪಿನಲ್ಲಿ ಕೇಳಿದಳು. ಐದು ವಾರಕ್ಕೆ ಸಿಡ್ನಿಯಿಂದ ಸುದ್ದಿ ಬಂತು. ಹೆಸರು ವಿನುತಾ. ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ಹತ್ತಿರದ ವೃದ್ಧಾಶ್ರಮ ಒಂದರಲ್ಲಿ ಕೆಲಸ. ಡಾಕ್ಟರ್ ಕೆಲಸವಲ್ಲ, ಮುದುಕರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸ.

೨೦೧೮ರ ಚಳಿಗಾಲದಲ್ಲಿ ಮೊದಲೇ ತಿಳಿಸಿ ಹೋದೆ. ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಆಶ್ರಮದ ಕಾರ್ ಪಾರ್ಕಿನ ಬೆಂಚಿನ ಮೇಲೆ ಕೂತಳು. ನೀಲಿ ಸಮವಸ್ತ್ರ. ನನ್ನನ್ನು ನೋಡಿ ಮೊದಲು ಕೇಳಿದ್ದು, "ವಾಲ್ವ್ ಹಾಕಿದ್ರೇನು?"

"ಹಾಕಿದ್ರು."

"ಯಾವ್ದು?"

"ಹಸುವಿನದ್ದು."

"ಛಲೋ ಆತು. ನಡೀಲಿಕ್ಕೆ ದಮ್ಮು ಬರಂಗಿಲ್ಲಲ್ಲ ಈಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಡಬ್ಬಿ ತೆರೆದಳು. ನಾನು ಆಸ್ಪತ್ರೆಯ ಕಾಗದ ಕೊಟ್ಟೆ. ಓದಿದಳು. ಡಾಕ್ಟರುಗಳು ಓದುವ ಹಾಗೆ, ಕೊನೆಯ ಸಾಲು ಮೊದಲು.

"ಇದನ್ನ ಏನ್ ಮಾಡ್ಲಿ ಅಂಕಲ್? ಫ್ರೇಮ್ ಹಾಕಿಸ್ಲೇನು?"

ನಾನು ಚೀಟಿಯಲ್ಲಿ ಒಂದು ಎಂದು ಬರೆದದ್ದನ್ನೂ, ಪರೀಕ್ಷಕರು ಕೇಳಿದಾಗ ಇಲ್ಲ ಎಂದದ್ದನ್ನೂ ಹೇಳಿದೆ. ಅವಳ ಕೈ ಚಪಾತಿಯ ಮೇಲೆ ನಿಂತಿತು.

"ಅವರು ಕೇಳಿದ್ರಾ ನಿಮ್ಮನ್ನ?"

"ಕೇಳಿದ್ರು."

"ನಾ ಇಷ್ಟು ದಿನ ತಿಳ್ಕೊಂಡಿದ್ದು, ಅವ್ರು ಕೇಳಲೇ ಇಲ್ಲ ಅಂತ." ಚಪಾತಿಯನ್ನು ಡಬ್ಬಿಗೆ ವಾಪಸು ಹಾಕಿದಳು. "ಆ ಪರೀಕ್ಷಾ ಹೋದದ್ದು ದೊಡ್ಡದಲ್ರಿ. ಭಾಳ ಮಂದಿದು ಹೋಗ್ತದ, ಮತ್ತ ಕಟ್ತಾರ. ನಾನೂ ಕಟ್ಟಿದೆ. ಮುಂದಿನ ಸಲ ಒಂದ್ ರೂಮಿನಾಗ ಆಕ್ಟರ್ ಅಲ್ಲ, ಖರೇ ಪೇಶೆಂಟ್ ಇಟ್ಟಿದ್ರು. ಒಬ್ಬ ಮುದುಕಿ. ಎದಿಗೆ ಸ್ಟೆತ್ ಇಟ್ಟೆ. ಮರ್ಮರ್ ಇತ್ತು. ಎರಡ್ ಸಲ ಕೇಳಿದೆ, ಇತ್ತು. ನಿಮ್ಮ ಮಾರಿ ನೆನಪಾತು. ಮತ್ತ ನನ್ನ ಕಿವಿ ಸುಳ್ಳು ಹೇಳಾಕತ್ತೇತಿ ಅನಿಸ್ತು. ನಾರ್ಮಲ್ ಅಂದೆ."

ಅವಳು ಆಸ್ಪತ್ರೆಯ ಕಾಗದವನ್ನು ಬೆಂಚಿನ ಮೇಲೆ ಇಟ್ಟಳು.

"ಅದರ ಮ್ಯಾಲೆ ಕಟ್ಲಿಲ್ಲ. ನಮ್ಮ ಮನಿಯವ್ರು ಕಟ್ಟು ಅಂತಾರ. ಫೇಲ್ ಆದೆ ಅಂತ ಬಿಟ್ಟಿಲ್ಲ ಅಂಕಲ್. ಕೇಳಿದ್ದನ್ನ ಕೇಳಿಲ್ಲ ಅಂದೆ. ಅಂಥಾಕಿ ಡಾಕ್ಟರ್ ಆಗಬಾರ್ದು."

"ಮೊದಲ ಸಲದ್ದನ್ನ ರದ್ದು ಮಾಡಿ, ನೀವು ಹೇಳಿದ್ದು ಸರಿ ಅಂತ ಬರೆದುಕೊಡ್ಲಿ ಅಂತ ಪರೀಕ್ಷೆಯವರನ್ನ ಕೇಳ್ತಾ ಇದ್ದೇನೆ. ನಿಮ್ಮ ನಂಬರ್ ಇದ್ದರೆ ಅವರು ಪತ್ರ ಪಕ್ಕಕ್ಕೆ ಇಡಲಿಕ್ಕೆ ಆಗೂದಿಲ್ಲ" ಎಂದೆ.

ಅವಳು ನನ್ನನ್ನು ಅಳೆಯುವಂತೆ ನೋಡಿದಳು. ಆಮೇಲೆ ಅದೇ ಆಸ್ಪತ್ರೆಯ ಕಾಗದದ ಅಂಚಿನಲ್ಲಿ ನಂಬರ್ ಬರೆದಳು. ಎರಡು ವರ್ಷವಾದರೂ ನೋಡದೆ ಬರೆದಳು.

"ಬರೀರಿ. ಆದ್ರ ಉತ್ತರ ಬರ್ತದ ಅಂತ ನನಗ ಹೇಳಬ್ಯಾಡ್ರಿ. ಬಂದ್ ಮ್ಯಾಲೆ ಹೇಳ್ರಿ." ಡಬ್ಬಿ ಮುಚ್ಚಿ ಎದ್ದಳು. "ಹಾಸಿಗಿ ಹಿಡಿದ ನನ್ನ ಮುದುಕರು ಕಾಯ್ತಿರ್ತಾರ." ಬಾಗಿಲ ಹತ್ತಿರ ತಿರುಗಿ, "ಮಾತ್ರಿ ತಪ್ಪಿಸಬ್ಯಾಡ್ರಿ" ಎಂದಳು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಮಾತು ಬಾಯಿಪಾಠ ಮಾಡಿ, ಹೊತ್ತಿಗೆ ಸರಿಯಾಗಿ ಹೋಗಿ, ಪಾತ್ರದಲ್ಲಿ ಗಟ್ಟಿಯಾಗಿ ನಿಲ್ಲಿ. ಆದರೆ ಗಂಟೆ ಹೊಡೆದ ಮೇಲೆ ಯಾರಾದರೂ ನಿಮ್ಮನ್ನೇ, ನಿಮ್ಮ ಹೆಸರಿನ ಮನುಷ್ಯನನ್ನೇ ಒಂದು ಪ್ರಶ್ನೆ ಕೇಳಿದರೆ, ಆಗ ಉತ್ತರ ಕೊಡಬೇಕಾದವನು ನೀವು. ನಾನು ಆ ಹೊತ್ತಿನಲ್ಲೂ ನಟಿಸಿದೆ. ಫಾರಂ ಬಂದರೆ ನಿಜ ಬರೆಯಿರಿ. ಪಾತ್ರ ಕೈ ತಪ್ಪಿದರೆ ತಪ್ಪಲಿ.

ಇದು ೨೦೧೯. ಈಗ ನನ್ನಲ್ಲಿ ಇರುವುದು: ಕ್ಲೇಟನ್ನಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುವ, ಈಗ ನನ್ನೊಂದಿಗೆ ಮಾತಾಡುವ ಹೆಂಡತಿ. ಎದೆಯಲ್ಲಿ ಒಂದು ಕವಾಟ, ದಿನಕ್ಕೆ ನಾಲ್ಕು ಮಾತ್ರೆ. ವಿನುತಾಳ ನಂಬರ್ ಸೇರಿಸಿ ಬರೆದ ಪತ್ರಗಳು ಐದು. ಬಂದ ಉತ್ತರಗಳು ನಾಲ್ಕು, ನಾಲ್ಕೂ ಆಗುವುದಿಲ್ಲ ಎಂದೇ. ಐದನೆಯದು ಹೋಗಿ ಹನ್ನೊಂದು ವಾರವಾಯಿತು.